ಆರನೆಯ ಸಿಟಿಂಗಿನಲ್ಲಿ ಕೇಳದ ಪ್ರಶ್ನೆ

2019ನೇ ಇಸವಿಯಲ್ಲಿ ನಾನು ಕಾಪು ಪೇಟೆಯಲ್ಲಿ ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ಅಷ್ಟರಲ್ಲಾಗಲೇ ಅದಕ್ಕೆ ಹದಿನೇಳು ವರ್ಷವಾಗಿತ್ತು. ಬಸ್ ನಿಲ್ದಾಣದಿಂದ ಎರಡು ನಿಮಿಷದ ನಡಿಗೆ, ಮೆಡಿಕಲ್ ಶಾಪಿನ ಹಿಂದೆ ಎರಡು ಕೋಣೆ. ಒಂದರಲ್ಲಿ ನನ್ನ ಮೇಜು ಮತ್ತು ವ್ಯಾಯಾಮದ ಚಾಪೆ. ಇನ್ನೊಂದರಲ್ಲಿ ಪರದೆ ಕಟ್ಟಿ ಬೇರ್ಪಡಿಸಿದ ಮೂರು ಮಂಚ, ಒಂದು ಟ್ರಾಕ್ಷನ್ ಮೆಷಿನ್, ಒಂದು ಐಎಫ್‌ಟಿ ಮೆಷಿನ್. ಟ್ರಾಕ್ಷನ್ ಎಂದರೆ ಸೊಂಟಕ್ಕೆ ಬೆಲ್ಟ್ ಕಟ್ಟಿ ಬೆನ್ನನ್ನು ಮೆಲ್ಲಗೆ ಎಳೆಯುವುದು. ಐಎಫ್‌ಟಿ ಎಂದರೆ ನೋವಿರುವ ಜಾಗಕ್ಕೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುವುದು. ನಮ್ಮ ಕಡೆ ಇದಕ್ಕೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಹಾಗಾಗಿ ನನಗೂ ‘ಕರೆಂಟ್ ಡಾಕ್ಟ್ರು’ ಎಂಬ ಬಿರುದಿತ್ತು. ನಾನು ಡಾಕ್ಟರನಲ್ಲ ಎಂದು ಮೊದಲ ವರ್ಷ ಎಲ್ಲರನ್ನೂ ತಿದ್ದಿದೆ. ಎರಡನೆಯ ವರ್ಷದಿಂದ ಬಿಟ್ಟೆ.

ಆ ವರ್ಷ ಜುಲೈಯಲ್ಲಿ ಮಣಿಪಾಲದಲ್ಲಿ ನಮ್ಮಂಥವರಿಗಾಗಿ ಒಂದು ದಿನದ ಕಾರ್ಯಾಗಾರವಿತ್ತು. ವಿಷಯ, ಬೆನ್ನುನೋವಿನ ಕ್ಲಿನಿಕಲ್ ಪ್ರಾಕ್ಟೀಸ್ ಗೈಡ್‌ಲೈನ್. ಸಂಶೋಧನೆಗಳನ್ನೆಲ್ಲ ಜಾಲಾಡಿ, ಯಾವ ಚಿಕಿತ್ಸೆಯಿಂದ ಉಪಯೋಗ ಉಂಟು, ಯಾವುದರಿಂದ ಇಲ್ಲ, ರೋಗಿಯನ್ನು ಯಾವಾಗ ಏನು ಕೇಳಬೇಕು ಎಂದು ತಜ್ಞರು ಸೇರಿ ಬರೆದಿಟ್ಟ ಸೂತ್ರಗಳಿಗೆ ಗೈಡ್‌ಲೈನ್ ಎಂದು ಹೆಸರು. ಸಾರಾಂಶ ಇಷ್ಟೇ: ಬೆನ್ನುನೋವಿನವರನ್ನು ಮಲಗಿಸಬೇಡಿ, ನಡೆಸಿ. ವ್ಯಾಯಾಮ ಕಲಿಸಿ, ಧೈರ್ಯ ಹೇಳಿ. ಬಂದವರಿಗೆಲ್ಲ ಮೆಷಿನ್ ಹಚ್ಚಬೇಡಿ. ಮತ್ತು ಪ್ರತಿ ಭೇಟಿಯಲ್ಲೂ ‘ರೆಡ್ ಫ್ಲಾಗ್’ ಪ್ರಶ್ನೆಗಳನ್ನು ತಪ್ಪದೆ ಕೇಳಿ. ನೂರು ಬೆನ್ನುನೋವಿನ ನಡುವೆ ಎಲ್ಲೋ ಒಂದು ಅಪಾಯದ್ದಿರುತ್ತದೆ. ಅದನ್ನು ಗುರುತಿಸುವ ಲಕ್ಷಣಗಳೇ ಈ ಕೆಂಪು ಬಾವುಟಗಳು.

ಬೆಳಗಿನಿಂದ ಸಂಜೆಯವರೆಗೆ ಪಾಠ ಕೇಳಿದೆವು, ತಲೆಯಾಡಿಸಿದೆವು. ಊಟದ ಹೊತ್ತಿಗೆ ನನ್ನ ಪಕ್ಕ ಕೂತವರು ಉಡುಪಿಯ ಒಬ್ಬ ತರುಣ ಕೈರೋಪ್ರಾಕ್ಟರ್. ಕೈಯಿಂದಲೇ ಬೆನ್ನುಮೂಳೆಯ ಸಂದುಗಳನ್ನು ಒತ್ತಿ ಸಡಿಲಿಸುವುದು ಅವರ ವೃತ್ತಿ. ಗೈಡ್‌ಲೈನ್ ಬಗ್ಗೆ ಏನನ್ನಿಸಿತು ಎಂದು ಕೇಳಿದೆ. “ಒಳ್ಳೇದುಂಟು ಸರ್. ಆದರೆ ಟಕ್ ಅಂತ ಸದ್ದು ಬಾರದೆ ನನ್ನ ಪೇಶೆಂಟ್ ಮಂಚದಿಂದ ಏಳುವುದಿಲ್ಲ” ಎಂದರು. ನನ್ನವರೂ ಕರೆಂಟ್ ಮುಟ್ಟದೆ ಏಳುವವರಲ್ಲ. ಮಟ್ಟುಗುಳ್ಳವೆಂಬ ನಮ್ಮೂರ ಬದನೆ ತಿಂದು ಬೆಳೆದವರಿಗೆ ಪುಸ್ತಕದ ಬದನೆಕಾಯಿ ರುಚಿಸುವುದು ಕಷ್ಟ ಎಂದು ಇಬ್ಬರೂ ನಗಾಡಿದೆವು.

ಹೊರಡುವಾಗ ಪ್ರತಿಯೊಬ್ಬರಿಗೂ ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡ್ ಕೊಟ್ಟರು. ಅದರಲ್ಲಿ ರೆಡ್ ಫ್ಲಾಗ್ ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು. ಮೂರನೆಯದು ಮೂತ್ರ, ಮಲ ಮತ್ತು ತೊಡೆಗಳ ನಡುವಿನ ಸ್ಪರ್ಶಕ್ಕೆ ಸಂಬಂಧಿಸಿದ್ದು. ನಮ್ಮ ಬೆನ್ನುಹುರಿಯ ತುದಿಯಲ್ಲಿ ನರಗಳ ಒಂದು ಗೊಂಚಲಿದೆ. ಕುದುರೆಯ ಬಾಲದ ಹಾಗೆ ಕಾಣುವುದರಿಂದ ಅದಕ್ಕೆ ಕಾಡಾ ಈಕ್ವೈನಾ ಎಂಬ ಹೆಸರು. ಬೆನ್ನಿನ ಡಿಸ್ಕ್ ಜಾರಿ ಆ ಗೊಂಚಲನ್ನು ಒತ್ತಿದರೆ ಮೊದಲು ಕೂರುವ ಜಾಗ ಮರಗಟ್ಟುತ್ತದೆ, ಮೂತ್ರ ಹೊರಡಲು ತಡವಾಗುತ್ತದೆ. ಆಗಲೇ ಆಪರೇಷನ್ ಆದರೆ ಮನುಷ್ಯ ಬಹುಮಟ್ಟಿಗೆ ಮೊದಲಿನಂತಾಗುತ್ತಾನೆ. ತಡವಾದರೆ ಮೂತ್ರ, ಮಲದ ಹಿಡಿತ ಜೀವನಪೂರ್ತಿ ಹೋಗಬಹುದು. ಇದೆಲ್ಲ ನನಗೆ ಕಾಲೇಜಿನಿಂದಲೇ ಗೊತ್ತಿತ್ತು. ಕಾರ್ಡನ್ನು ತಂದು ಟ್ರಾಕ್ಷನ್ ಮಂಚದ ಪಕ್ಕದ ಗೋಡೆಗೆ ಅಂಟಿಸಿದೆ.

ಆದರೆ ಕೆಲಸ ಮಾತ್ರ ಹಿಂದಿನಂತೆಯೇ ನಡೆಯಿತು. ಅದಕ್ಕೆ ಕಾರಣವನ್ನೂ ಹೇಳಬೇಕು. ನನ್ನ ಮೊದಲ ನೌಕರಿ ಕಾರ್ಕಳದ ಒಂದು ನರ್ಸಿಂಗ್ ಹೋಮಿನಲ್ಲಿ. ಅಲ್ಲಿ ಡಾಕ್ಟರರ ಚೀಟಿ ಬರುತ್ತಿತ್ತು: ಟ್ರಾಕ್ಷನ್ ಮತ್ತು ಐಎಫ್‌ಟಿ, ಹತ್ತು ಸಿಟಿಂಗ್. ಸಿಟಿಂಗ್ ಎಂದರೆ ಒಂದು ದಿನದ ಚಿಕಿತ್ಸೆ. ಹೊಸದರಲ್ಲಿ ಒಮ್ಮೆ ಒಬ್ಬರಿಗೆ ಟ್ರಾಕ್ಷನ್ ಬೇಡವೆನಿಸಿ ಬರೀ ವ್ಯಾಯಾಮ ಕಲಿಸಿ ಕಳುಹಿಸಿದೆ. ಹಿರಿಯ ಡಾಕ್ಟರು ಕರೆದು, ನಾನು ಬರೆದದ್ದನ್ನು ಓದಲು ಬರುವುದಿಲ್ಲವೇ ಎಂದು ಎಲ್ಲರ ಮುಂದೆ ಕೇಳಿದರು. ಆಗ ನನಗೆ ಇಪ್ಪತ್ತಾರು ವರ್ಷ. ಕಿವಿ ಬಿಸಿಯಾದದ್ದು ಈಗಲೂ ನೆನಪುಂಟು. ಅಂದಿನಿಂದ ಚೀಟಿಯಲ್ಲಿದ್ದದ್ದನ್ನು ಮಾಡುವುದು ರೂಢಿಯಾಯಿತು. ಸ್ವಂತ ಕ್ಲಿನಿಕ್ ತೆರೆದ ಮೇಲಾದರೂ ಬದಲಾಗಬಹುದಿತ್ತು. ಆದರೆ ಬರೀ ವ್ಯಾಯಾಮ ಹೇಳಿಕೊಟ್ಟವರು ಮರುದಿನ ಬರುತ್ತಿರಲಿಲ್ಲ. ಅವರು ಎಂತದೂ ಮಾಡುವುದಿಲ್ಲ, ಬರೇ ಮಾತಾಡ್ತಾರೆ ಎಂದು ಪೇಟೆಯಲ್ಲಿ ಸುದ್ದಿಯಾಗುತ್ತಿತ್ತು. ಮಾತಾಡುವುದೇ ಚಿಕಿತ್ಸೆಯ ಅರ್ಧ ಎಂದು ಗೈಡ್‌ಲೈನ್ ಹೇಳುತ್ತದೆ. ನಮ್ಮೂರಲ್ಲಿ ಮಾತು ಪುಕ್ಕಟೆ ಸಿಗುವ ವಸ್ತು.

ಆಗಸ್ಟ್ ಐದರ ಸೋಮವಾರ ಹನ್ನೊಂದು ಗಂಟೆಗೆ ಇನ್ನಂಜೆಯಿಂದ ಸಿಸಿಲಿ ಬಾಯಿ ಬಂದರು. ಕ್ರಿಶ್ಚಿಯನ್ ಮನೆಗಳ ಹೆಂಗಸರನ್ನು ನಾವು ಗೌರವದಿಂದ ಬಾಯಿ ಎಂದು ಕರೆಯುತ್ತೇವೆ. ಅವರ ವಯಸ್ಸು ನಲವತ್ತೆಂಟು. ಜೊತೆಗೆ ಗಂಡ ಡೆನಿಸ್ ಇದ್ದರು, ಬಹರೈನ್‌ನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು. ಇಬ್ಬರೂ ನನಗೆ ಹೊಸಬರಲ್ಲ. ಡೆನಿಸರ ತಾಯಿ ಲಕ್ವ ಹೊಡೆದು ಮಲಗಿದ್ದಾಗ ಎಂಟು ತಿಂಗಳು ಅವರ ಮನೆಗೆ ಹೋಗಿ ವ್ಯಾಯಾಮ ಮಾಡಿಸಿದ್ದೆ. ಆಗ ದಿನಾ ಸಿಸಿಲಿ ಬಾಯಿ ಕೈಯ ಚಹಾ ಕುಡಿದಿದ್ದೆ. ಅವರು ಮನೆ ಪಕ್ಕದಲ್ಲಿ ಮಲ್ಲಿಗೆ ಬೆಳೆಸಿದ್ದರು. ನಸುಕಿಗೆ ಎದ್ದು ಬಗ್ಗಿ ಮೊಗ್ಗು ಕೊಯ್ಯಬೇಕು, ಆಮೇಲೆ ಗೇಣೆತ್ತರದ ಮಣೆಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟಬೇಕು, ಎಂಟು ಗಂಟೆಯೊಳಗೆ ಹೂ ಮಾರಾಟದ ಕಟ್ಟೆಗೆ ಮುಟ್ಟಬೇಕು. ಬೆನ್ನನ್ನು ಕೆಡಿಸಲು ಇದಕ್ಕಿಂತ ಬೇರೆ ಕೆಲಸ ಬೇಡ.

ಮೂರು ವಾರದಿಂದ ಸೊಂಟದಲ್ಲಿ ನೋವು, ಬಲಗಾಲಿನುದ್ದಕ್ಕೂ ಸೆಳೆತ. ಡಾಕ್ಟರರ ಚೀಟಿ ತಂದಿದ್ದರು: ಟ್ರಾಕ್ಷನ್, ಐಎಫ್‌ಟಿ, ಹತ್ತು ಸಿಟಿಂಗ್. ಅವರಿಗೊಂದು ಅವಸರವಿತ್ತು. ಒಬ್ಬಳೇ ಮಗಳು ಜೆನಿಟಾಳ ಮದುವೆ ಜನವರಿಯಲ್ಲಿ, ಊರಿನ ಚರ್ಚಿನಲ್ಲಿ ನಿಗದಿಯಾಗಿತ್ತು. “ಇಗರ್ಜಿಯಲ್ಲಿ ಎದುರಿನ ಬೆಂಚಿನಲ್ಲಿ ನೆಟ್ಟಗೆ ಕೂರುವ ಹಾಗೆ ಮಾಡಿ ಡಾಕ್ಟ್ರೇ, ಬೇರೆಂತ ಬೇಡ” ಎಂದರು. ಜನವರಿಗೆ ಇನ್ನೂ ಐದು ತಿಂಗಳುಂಟು, ಅಷ್ಟರಲ್ಲಿ ಬೆಂಚಲ್ಲ, ಡಾನ್ಸಿಗೂ ನಿಲ್ಲಬಹುದು ಎಂದೆ. ಆ ಮಾತು ಹಾಗೆ ಸುಮ್ಮನೆ ಹೇಳಿದ್ದಲ್ಲ, ನಂಬಿಯೇ ಹೇಳಿದ್ದೆ.

ಕಾಲು ಎತ್ತಿಸಿದೆ, ಪಾದದ ಬಲ ನೋಡಿದೆ, ಮಂಡಿಗೆ ಸುತ್ತಿಗೆ ತಟ್ಟಿದೆ. ಆಮೇಲೆ ರೆಡ್ ಫ್ಲಾಗ್ ಪ್ರಶ್ನೆಗಳು. ಜ್ವರ, ತೂಕ ಇಳಿದದ್ದು, ಬಿದ್ದದ್ದು, ಎಲ್ಲವನ್ನೂ ಸಲೀಸಾಗಿ ಕೇಳಿದೆ. ಮೂರನೆಯದಕ್ಕೆ ಬಂದಾಗ ನನ್ನ ರೂಢಿಯ ಉಪಾಯಕ್ಕೆ ಮೊರೆಹೋದೆ. ಕಾಲೇಜು ಓದಿದವರಾದರೆ ಇಂಗ್ಲಿಷಿನ ಎರಡು ಶಬ್ದ ಎಸೆದು ಮುಂದೆ ಹೋಗುತ್ತಿದ್ದೆ. ಉಳಿದ ಹೆಂಗಸರಿಗೆ, ಅದರಲ್ಲೂ ಪರಿಚಯದವರಿಗೆ, ನನ್ನ ಬಳಿ ಒಂದೇ ಪ್ರಶ್ನೆ ಇತ್ತು: ಬೇರೆ ಎಂತ ತೊಂದರೆ ಇಲ್ಲ ಅಲ್ವಾ? ಇಲ್ಲ ಎಂದರು. ಆ ದಿನ ಅದು ನಿಜವೂ ಆಗಿತ್ತು.

ಐದು ದಿನ ಯಾವ ವಿಶೇಷವೂ ಇಲ್ಲದೆ ಕಳೆಯಿತು. ಅವರು ಬರುವುದು, ನನ್ನ ಸಹಾಯಕಿ ಶಶಿಕಲಾ ಬೆನ್ನಿಗೆ ಬಿಸಿ ಪ್ಯಾಕ್ ಇಟ್ಟು ಕರೆಂಟಿನ ಪ್ಯಾಡ್ ಹಚ್ಚುವುದು, ನಾನು ಬಂದು ಟ್ರಾಕ್ಷನ್ ಬೆಲ್ಟ್ ಕಟ್ಟಿ ಗುಂಡಿ ಒತ್ತುವುದು. ಹತ್ತು ಮಾತು ಆಡಿದ್ದರೆ ಅದರಲ್ಲಿ ಒಂಬತ್ತು ಜೆನಿಟಾಳ ಮದುವೆಯದ್ದು.

ಶನಿವಾರ ಆರನೆಯ ಸಿಟಿಂಗ್. ಧಾರಾಕಾರ ಮಳೆಯಿದ್ದರೂ ಮೂರೂ ಮಂಚ ಭರ್ತಿ, ಹೊರಗೆ ಬೆಂಚಿನಲ್ಲಿ ಐದು ಮಂದಿ ಕಾಯುತ್ತಿದ್ದರು. ಸಿಸಿಲಿ ಬಾಯಿ ಕಾಲಿನ ಸೆಳೆತ ಕಡಿಮೆಯಾಗಿದೆ ಎಂದರು. ನನಗೆ ಖುಷಿಯಾಯಿತು. ಬೆಲ್ಟ್ ಕಟ್ಟುತ್ತಿದ್ದಾಗ ಅವರು ಗೋಡೆಯ ಕಡೆ ನೋಡಿಕೊಂಡು ಮೆಲ್ಲಗೆ, “ಮಣೆಯಲ್ಲಿ ಕೂತರೆ ಅಡಿಯಲ್ಲಿ ಮರಗಟ್ಟಿದ ಹಾಗೆ ಆಗ್ತದೆ ಡಾಕ್ಟ್ರೇ” ಎಂದರು. ಎಷ್ಟು ಹೊತ್ತು ಕೂತಿದ್ದಿರಿ ಎಂದು ಕೇಳಿದೆ. ಎರಡು ಗಂಟೆ ಎಂದರು. ಎರಡು ಗಂಟೆ ಮಣೆಯಲ್ಲಿ ಕೂತರೆ ನನಗೂ ಮರಗಟ್ಟುತ್ತದೆ ಎಂದು ನಕ್ಕೆ. ಅವರೂ ನಕ್ಕರು.

ನಗುತ್ತಿದ್ದಾಗಲೇ ಮನಸ್ಸಿನಲ್ಲಿ ಏನೋ ಚುಚ್ಚಿತು. ಚುಚ್ಚಲಿಲ್ಲ ಎಂದು ಬರೆದರೆ ಸುಳ್ಳಾದೀತು. ಮಣಿಪಾಲದ ಕಾರ್ಡ್ ನನ್ನ ಕಣ್ಣಿನ ನೇರಕ್ಕೆ ಎರಡು ಮೊಳ ದೂರದಲ್ಲಿತ್ತು, ಮೂರನೆಯ ಸಾಲು ಕಾಣುತ್ತಲೇ ಇತ್ತು. ಕೇಳಬೇಕಿದ್ದದ್ದು ಇಷ್ಟು: ಮೂತ್ರ ಸಲೀಸಾಗಿ ಹೋಗುತ್ತದೆಯೇ? ತೊಳೆದುಕೊಳ್ಳುವಾಗ ಕೈ ಮುಟ್ಟಿದ್ದು ಗೊತ್ತಾಗುತ್ತದೆಯೇ? ಪರದೆಯ ಆಚೆ ಮಂಚದಲ್ಲಿ ಅವರದೇ ಇಗರ್ಜಿಯ ಒಬ್ಬರು ಕುತ್ತಿಗೆ ನೋವಿಗೆ ಮಲಗಿದ್ದರು. ಈಚೆ, ಎಂಟು ತಿಂಗಳು ನನಗೆ ಚಹಾ ಕೊಟ್ಟ ಹೆಂಗಸು. ಆ ಮಾತನ್ನು ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಹೇಗೆ ಹೇಳುವುದೆಂದು ನಾನು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. ಶಶಿಕಲಾಳನ್ನು ಕರೆದು ಕೇಳಲು ಹೇಳಬಹುದಿತ್ತು. ಹಾಗೆ ಕೇಳು ಎಂದು ಅವಳಿಗೆ ಹೇಳುವುದಕ್ಕೂ ನನಗೆ ಮುಜುಗರ.

“ಬೇರೆ ಎಂತ ತೊಂದರೆ ಇಲ್ಲ ಅಲ್ವಾ?” ಎಂದೆ.

ಅವರು ಪರದೆಯ ಕಡೆ ಒಮ್ಮೆ ನೋಡಿದರು. “ಇಲ್ಲ” ಎಂದರು.

ಗುಂಡಿ ಒತ್ತಿದೆ. ಮೇಜಿಗೆ ಬಂದು ಅವರ ಕಾರ್ಡಿನಲ್ಲಿ ಆರನೆಯ ಸಾಲಿನ ಎದುರು ‘ಬೆಟರ್, ಕಂಟಿನ್ಯೂ’ ಎಂದು ಬರೆದೆ. ಆ ಕಾರ್ಡ್ ಇವತ್ತಿಗೂ ನನ್ನ ಬಳಿ ಇದೆ.

ಭಾನುವಾರ ರಜೆ. ಸೋಮವಾರ ಏಳನೆಯ ಸಿಟಿಂಗಿಗೆ ಬಂದಾಗ ಎರಡೂ ಕಾಲು ಭಾರ ಎಂದರು. ಹಿಂದಿನ ದಿನ ಹೂ ಕೊಯ್ದದ್ದು ಹೆಚ್ಚಾಯಿತೇನೋ ಎಂದು ಅವರೇ ಕಾರಣವನ್ನೂ ಕೊಟ್ಟರು, ನಾನು ಒಪ್ಪಿಕೊಂಡೆ. ಶ್ರಾವಣದಲ್ಲಿ ಮಲ್ಲಿಗೆಗೆ ಬಿಡುವಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅವತ್ತು ಟ್ರಾಕ್ಷನ್ ಬೇಡವೆಂದು ಬರೀ ಕರೆಂಟ್ ಕೊಟ್ಟು ಕಳುಹಿಸಿದೆ. ಅಷ್ಟು ಬುದ್ಧಿ ಓಡಿತ್ತು, ಅದಕ್ಕಿಂತ ಮುಂದೆ ಓಡಲಿಲ್ಲ.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಡೆನಿಸರ ಫೋನ್ ಬಂತು. ಸಿಸಿಲಿಗೆ ನಿನ್ನೆ ಸಂಜೆಯಿಂದ ಮೂತ್ರ ಹೋಗಿಲ್ಲ, ಹೊಟ್ಟೆ ಕಲ್ಲಿನ ಹಾಗಾಗಿದೆ, ನಡೆಯಲು ಹೋದರೆ ಕಾಲು ಮಡಚುತ್ತದೆ, ಇವತ್ತು ಸಿಟಿಂಗಿಗೆ ಬರುವುದಾ ಬೇಡವಾ ಎಂದು ಕೇಳಿದರು. ಆ ಮನುಷ್ಯ ಸಿಟಿಂಗ್ ತಪ್ಪುತ್ತದಲ್ಲ ಎಂಬ ಚಿಂತೆಯಲ್ಲಿದ್ದರು. ಒಂದು ನಿಮಿಷವೂ ನಿಲ್ಲದೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಎಂದೆ. ನಾನೂ ಉಡುಪಿಯ ನನ್ನ ಮನೆಯಿಂದ ನೇರವಾಗಿ ಅಲ್ಲಿಗೆ ಹೋದೆ. ಅವರಿಗಿಂತ ಮೊದಲೇ ತಲುಪಿ ತುರ್ತು ವಿಭಾಗದ ಬಾಗಿಲಲ್ಲಿ ನಿಂತಿದ್ದೆ.

ಹನ್ನೊಂದಕ್ಕೆ ಎಂಆರ್‌ಐ ಆಯಿತು. ನಾಲ್ಕನೆಯ ಮತ್ತು ಐದನೆಯ ಸೊಂಟದ ಮೂಳೆಗಳ ನಡುವಿನ ಡಿಸ್ಕ್ ಪೂರ್ತಿ ಹೊರಬಂದು ನರಗಳ ಗೊಂಚಲನ್ನು ಅಮುಕಿತ್ತು. ಮಧ್ಯಾಹ್ನವೇ ಆಪರೇಷನ್. ಒಳಗೆ ಹೋಗುವ ಮೊದಲು ಸರ್ಜನ್ ನನ್ನನ್ನು ಪಕ್ಕಕ್ಕೆ ಕರೆದು, ಕೂರುವ ಜಾಗ ಮರಗಟ್ಟಿದ್ದು ಯಾವತ್ತಿನಿಂದ ಎಂದು ವಿಚಾರಿಸಿದರು. ಶನಿವಾರ ನನಗೆ ಹೇಳಿದ್ದರು ಎಂದೆ. ಅವರು ನನಗಿಂತ ಹದಿನೈದು ವರ್ಷ ಚಿಕ್ಕವರು. ಬೈಯಲಿಲ್ಲ.

“ಶನಿವಾರವೇ ಕಳುಹಿಸಬೇಕಿತ್ತು” ಎಂದಷ್ಟೇ ಹೇಳಿ ಒಳಗೆ ಹೋದರು.

ಕಾರ್ಕಳದಲ್ಲಿ ಎಲ್ಲರ ಮುಂದೆ ಬೈಸಿಕೊಂಡದ್ದು ಅದರ ಮುಂದೆ ಏನೂ ಅಲ್ಲ. ಕಾರಿಡಾರಿನಲ್ಲಿ ಡೆನಿಸ್ ನನ್ನ ಪಕ್ಕ ಕೂತು, ನೀವು ಬಂದದ್ದು ನಮಗೆ ದೊಡ್ಡ ಧೈರ್ಯವಾಯಿತು ಎಂದರು. ನನಗೆ ನಿಜ ಹೇಳಲು ಬಾಯಿ ಬರಲಿಲ್ಲ.

ಮರಗಟ್ಟಿದ್ದಕ್ಕೆ ಒಂದು ದಿನ ಮೊದಲೇ, ಶುಕ್ರವಾರದಿಂದಲೇ, ಸಿಸಿಲಿ ಬಾಯಿ ಮೂತ್ರ ಹೊರಡಲು ಬಚ್ಚಲಿನಲ್ಲಿ ಬಹಳ ಹೊತ್ತು ಕೂರಬೇಕಾಗುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಅದನ್ನು ಗಂಡನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಟ್ರಾಕ್ಷನ್‌ನಿಂದಲೇ ಹೀಗಾಯಿತು ಎಂದು ಯಾರೂ ಹೇಳಲಿಲ್ಲ. ಆಗಲಿಲ್ಲ ಎಂದು ನಾನೂ ಹೇಳಲಾರೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಕಾಲುಗಳಿಗೆ ಬಲ ಬಂತು. ಎರಡು ತಿಂಗಳಲ್ಲಿ ಕೋಲು ಹಿಡಿದು ಅಂಗಳದ ತುದಿಯವರೆಗೆ ನಡೆಯುವಂತಾದರು, ಬಲಪಾದ ಮಾತ್ರ ಸ್ವಲ್ಪ ಎಳೆಯುತ್ತಿತ್ತು. ಮೂತ್ರದ ಹಿಡಿತ ಬರಲಿಲ್ಲ, ಮಲದ್ದೂ ಬರಲಿಲ್ಲ. ದಿನಕ್ಕೆ ನಾಲ್ಕು ಸಲ ಸಣ್ಣ ನಳಿಗೆಯೊಂದನ್ನು ತಾವೇ ಒಳಗೆ ಸೇರಿಸಿ ಮೂತ್ರ ತೆಗೆಯಲು ಆಸ್ಪತ್ರೆಯ ನರ್ಸ್ ಕಲಿಸಿದರು. ಆದರೂ ಕೆಮ್ಮಿದರೆ, ನಕ್ಕರೆ, ಕೂತಲ್ಲಿಂದ ಏಳುವಾಗ ಬಟ್ಟೆ ಒದ್ದೆಯಾಗುತ್ತಿತ್ತು. ಒದ್ದೆಯಾದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಅದೇ ದೊಡ್ಡ ಕಷ್ಟ. ಪಕ್ಕದವರ ಮುಖ ನೋಡಿ ತಿಳಿಯಬೇಕಿತ್ತು. ಹಾಗಾಗಿ ಅವರು ಪಕ್ಕದಲ್ಲಿ ಜನರು ಇರುವಂಥ ಜಾಗಗಳನ್ನೇ ಬಿಟ್ಟರು. ಮೊದಲು ಹೂವಿನ ಕಟ್ಟೆ, ಆಮೇಲೆ ಬಸ್ಸು, ಆಮೇಲೆ ಭಾನುವಾರದ ಪೂಜೆ.

ನಾನು ಪ್ರತಿ ಬುಧವಾರ ಇನ್ನಂಜೆಗೆ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೆ. ಮರಗಟ್ಟಿದ ಚರ್ಮಕ್ಕೆ ಮಣೆ ಒತ್ತಿ ಹುಣ್ಣಾಗಬಾರದೆಂದು ದಪ್ಪ ಕುಶನ್ ಒದಗಿಸಿದೆ, ಅರ್ಧ ಗಂಟೆಗೊಮ್ಮೆ ಏಳಲು ಅಲಾರಂ ಇಟ್ಟುಕೊಟ್ಟೆ. ಈಗ ಎಲ್ಲವನ್ನೂ ಗೈಡ್‌ಲೈನ್ ಹೇಳಿದ ಹಾಗೆಯೇ ಮಾಡುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ಜನವರಿಯಲ್ಲಿ ಜೆನಿಟಾಳ ಮದುವೆ ನಡೆಯಿತು. ಮುನ್ನಾದಿನ ಮನೆಯಲ್ಲಿ ರೋಸ್, ಅಂದರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಸಿಸಿಲಿ ಬಾಯಿ ಕೋಲು ಊರಿಕೊಂಡು ಬಂದು ಮಗಳ ಹಣೆಗೆ, ಕೆನ್ನೆಗೆ ಹಾಲು ಹಚ್ಚಿದರು. ಹಾಡು ಶುರುವಾಗುವ ಮೊದಲೇ ಒಳಗೆ ಹೋದರು. ಮರುದಿನ ಇಗರ್ಜಿಯಲ್ಲಿ ಎದುರಿನ ಬೆಂಚಿನಲ್ಲಿ ಡೆನಿಸ್ ಒಬ್ಬರೇ ಕೂತಿದ್ದರು. ಪಕ್ಕದ ಜಾಗವನ್ನು ಯಾರೂ ತುಂಬಲಿಲ್ಲ. ಜೆನಿಟಾಳ ತಲೆಯಲ್ಲಿದ್ದ ಮಲ್ಲಿಗೆಯನ್ನು ತಾಯಿ ಆ ದಿನ ನಸುಕಿನಲ್ಲಿ ಕಟ್ಟಿ ಕಳುಹಿಸಿದ್ದರು. ಊಟದ ಹೊತ್ತಿಗೆ ಒಬ್ಬರು ನನ್ನ ಬಳಿ ಬಂದು, ಸಿಸಿಲಿಗೆ ಇನ್ನೂ ನಾಲ್ಕು ದಿನ ಕರೆಂಟ್ ಕೊಟ್ಟರೆ ಸರಿಯಾಗಲಿಕ್ಕಿಲ್ಲವಾ ಎಂದು ಕೇಳಿದರು. ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದು ಹೊರಟುಬಂದೆ.

ಆ ಬಳಿಕದ ಬುಧವಾರ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಕುಶನಿನ ಮೇಲೆ ಕೂತು ಹೂ ಕಟ್ಟುತ್ತಿದ್ದರು. ನಾನು ಐದು ತಿಂಗಳಿಂದ ಹೊತ್ತುಕೊಂಡಿದ್ದ ಮಾತನ್ನು ಹೇಳಿದೆ. ಆ ಶನಿವಾರ ಕೇಳಬೇಕಾದ ಪ್ರಶ್ನೆ ನನಗೆ ಗೊತ್ತಿತ್ತು, ಗೋಡೆಯ ಮೇಲೂ ಇತ್ತು, ಕೇಳಲಿಲ್ಲ, ತಪ್ಪು ನನ್ನದು ಎಂದೆ. ಅವರ ಕೈ ನಿಲ್ಲಲಿಲ್ಲ.

“ನೀವು ಕೇಳಿದಿರಿ ಡಾಕ್ಟ್ರೇ. ಬೇರೆ ಎಂತ ಇಲ್ಲ ಅಲ್ವಾ ಅಂತ ಕೇಳಿದಿರಿ. ಇಲ್ಲ ಅಂದರೆ ನಿಮಗೆ ಸುಲಭ ಅಂತ ಕಂಡಿತು. ಹೊರಗೆ ಅಷ್ಟು ಜನ ಕಾಯ್ತಾ ಇದ್ದರು. ಹಾಗೆ ಇಲ್ಲ ಅಂದೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ನನಗೆ ಅಳು ಬಂತು. ಐವತ್ತಾರು ವರ್ಷದ ಗಂಡಸು ಪೇಶೆಂಟಿನ ಎದುರು ಅಳಬಾರದೆಂದು ಯಾವ ಗೈಡ್‌ಲೈನಿನಲ್ಲೂ ಬರೆದಿಲ್ಲ, ಆದ್ದರಿಂದ ಅತ್ತೆ. ಅವರು ಎದ್ದು ಹೋಗಿ ಚಹಾ ಮಾಡಿ ತಂದರು. ಕೋಲು ಹಿಡಿದ ಕೈಯಲ್ಲಿ ಲೋಟ ತರುವಾಗ ಅರ್ಧ ಚೆಲ್ಲಿತ್ತು.

ಚಹಾ ಕುಡಿದ ಮೇಲೆ, ನಾನು ಹೇಗೆ ಕೇಳಿದ್ದರೆ ನೀವು ಹೇಳುತ್ತಿದ್ದಿರಿ ಎಂದು ವಿಚಾರಿಸಿದೆ. ಅವರು ಮತ್ತೆ ಕೂತು ಒಂದು ಎಳೆ ಕಟ್ಟಿ ಮುಗಿಸಿದರು.

“ಮೊದಲು ಆ ಮೆಷಿನ್ ಬಂದ್ ಮಾಡಿ. ನಿಂತುಕೊಂಡು ಕೇಳಬೇಡಿ, ಕೂತುಕೊಳ್ಳಿ. ಒಂದು ನಾಚಿಕೆಯ ಪ್ರಶ್ನೆ ಉಂಟು, ಬೆನ್ನುನೋವಿನ ಎಲ್ಲರಿಗೂ ಕೇಳ್ತೇನೆ, ಕೇಳದಿದ್ದರೆ ನಿಮಗೆ ಕೆಡುಕು ಅಂತ ಹೇಳಿ. ಮತ್ತೆ ಎಲ್ಲ ಬಿಡಿಸಿ ಕೇಳಿ. ಇಲ್ಲ ಅಲ್ವಾ ಅನ್ನಬೇಡಿ. ಉಂಟಾ ಅಂತ ಕೇಳಿ.”

ಕಿಸೆಯಲ್ಲಿದ್ದ ಔಷಧದ ಚೀಟಿಯ ಹಿಂದೆ ಅದನ್ನು ಬರೆದುಕೊಂಡೆ. ಮರುದಿನ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ತುಳುವಿನಲ್ಲೂ ಬರೆದು ಮಣಿಪಾಲದ ಕಾರ್ಡಿನ ಮೇಲೆಯೇ ಅಂಟಿಸಿದೆ. ಪರದೆಯ ಬದಲು ಹಲಗೆಯ ಗೋಡೆ ಎಬ್ಬಿಸಿದೆ. ಮೊದಲ ಸಲ ಬಂದ ಹೆಂಗಸರನ್ನು ಶಶಿಕಲಾ ಒಳಗೆ ಕೂರಿಸಿಕೊಂಡು ಕೇಳುತ್ತಾಳೆ, ಆಮೇಲೆ ನಾನೂ ಕೇಳುತ್ತೇನೆ. ಆರಂಭದಲ್ಲಿ ನನ್ನ ನಾಲಗೆ ತೊದಲುತ್ತಿತ್ತು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದಕ್ಕೆ ನನ್ನ ಹೆಂಡತಿ ಸಾಕ್ಷಿ ಹೇಳಿಯಾಳು. ಕೆಲವರು ಮುಖ ಕೆಂಪಾಗಿಸಿಕೊಂಡು ಎದ್ದು ಹೋದರು. ಮೆಷಿನ್ ಕಡಿಮೆ ಮಾಡಿದ್ದಕ್ಕೆ ಇನ್ನೂ ಕೆಲವರು ಹೋದರು. ಹೋದವರನ್ನು ಹಿಡಿದು ನಿಲ್ಲಿಸಲಾಗುತ್ತದೆಯೇ?

ಎರಡು ವರ್ಷದ ಹಿಂದೆ ಮಣಿಪಾಲದಿಂದ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ ಬಂದಳು. ಫಿಸಿಯೋಥೆರಪಿಸ್ಟರು, ಕೈರೋಪ್ರಾಕ್ಟರರು ಗೈಡ್‌ಲೈನ್ ಪಾಲಿಸಲು ಯಾಕೆ ಹೆಣಗುತ್ತಾರೆ ಎಂಬುದು ಅವಳ ವಿಷಯ. ಪ್ರಶ್ನಾವಳಿಯಲ್ಲಿ ಗುರುತು ಹಾಕಲು ಚೌಕಗಳಿದ್ದವು: ಸಮಯವಿಲ್ಲ, ಪೇಶೆಂಟ್ ಮೆಷಿನ್ ಕೇಳುತ್ತಾರೆ, ಡಾಕ್ಟರರ ಚೀಟಿಯನ್ನು ಮೀರಲಾಗುವುದಿಲ್ಲ, ತರಬೇತಿ ಸಾಲದು. ಎಲ್ಲವೂ ನಿಜವೇ. ಎಲ್ಲಕ್ಕೂ ಗುರುತು ಹಾಕಿದೆ. ಕೊನೆಯಲ್ಲಿ ‘ಇತರ ಕಾರಣ’ ಎಂದು ಎರಡು ಗೆರೆ ಖಾಲಿ ಬಿಟ್ಟಿದ್ದರು. ಅಲ್ಲಿ ನಾಚಿಕೆ ಎಂದು ಬರೆದೆ. ಹುಡುಗಿ ಓದಿ ತಲೆಯೆತ್ತಿದಳು. ಪೇಶೆಂಟಿನ ನಾಚಿಕೆಯಾ ಸರ್ ಎಂದು ಕೇಳಿದಳು. ನನ್ನದು ಎಂದೆ. ಅವಳು ಏನನ್ನೋ ಬರೆದುಕೊಂಡಳು, ಅದು ಯಾವ ಚೌಕಕ್ಕೆ ಸೇರಿತೋ ನನಗೆ ತಿಳಿಯದು.

ಈಗ ನನಗೆ ಅರುವತ್ತು ದಾಟಿದೆ. ಬೆಳಗಿನ ಹೊತ್ತು ಮಾತ್ರ ಕ್ಲಿನಿಕ್ ತೆರೆಯುತ್ತೇನೆ. ಈ ಕೆಲಸ ನನಗೆ ಕಲಿಸಿದ್ದನ್ನು ಹೇಳಿ ಎಂದರೆ ಹೇಳುವುದು ಬಹಳ ಇಲ್ಲ. ತಿಳಿದಿರುವುದು ಬೇರೆ, ತಿಳಿದದ್ದನ್ನು ಎದುರಿಗಿರುವ ಮನುಷ್ಯನಿಗೆ ಅವರ ಮಾತಿನಲ್ಲಿ ಹೇಳಲು ಬಾಯಿ ಬರುವುದು ಬೇರೆ. ಎರಡನೆಯದನ್ನು ಯಾವ ಕಾಲೇಜಿನಲ್ಲೂ ಕಲಿಸಲಿಲ್ಲ, ನನಗದು ಒಬ್ಬ ಹೆಂಗಸಿನ ಬದುಕು ಕೆಟ್ಟ ಮೇಲೆ ಅವರಿಂದಲೇ ಸಿಕ್ಕಿತು.

ಕಳೆದ ಮಳೆಗಾಲದಲ್ಲಿ ಮೀನು ಮಾರುವ ಒಬ್ಬ ಹೆಂಗಸು ಸೊಂಟನೋವೆಂದು ಬಂದಳು. ಹತ್ತು ಸಿಟಿಂಗಿನ ಚೀಟಿ ಇತ್ತು. ಮೆಷಿನ್ ಬಂದ್ ಮಾಡಿ, ಕೂತು, ಸಿಸಿಲಿ ಬಾಯಿ ಕಲಿಸಿದ ಮಾತನ್ನು ಕೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಉಂಟು, ನಿನ್ನೆಯಿಂದ, ಎಂದಳು. ಅರ್ಧ ಗಂಟೆಯಲ್ಲಿ ರಿಕ್ಷಾ ಮಣಿಪಾಲದ ದಾರಿ ಹಿಡಿದಿತ್ತು. ಅದೇ ದಿನ ಆಪರೇಷನ್ ಆಯಿತು. ಒಂದೂವರೆ ತಿಂಗಳ ಮೇಲೆ ಅವಳು ತಾನಾಗಿ ನಡೆದುಕೊಂಡು ಬಂದು ಎಲ್ಲ ಸರಿಯುಂಟು ಎಂದು ಹೇಳಿಹೋದಳು.

ಆ ವಾರವೂ ಬುಧವಾರ ಇನ್ನಂಜೆಗೆ ಹೋದಾಗ ಸಿಸಿಲಿ ಬಾಯಿಗೆ ಈ ವಿಷಯ ತಿಳಿಸಿದೆ. ಅವರು ಹೂ ಕಟ್ಟುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಅವಳ ಪ್ರಾಯ ಎಷ್ಟು, ಮಕ್ಕಳೆಷ್ಟು ಎಂದು ವಿಚಾರಿಸಿದರು. ಆಮೇಲೆ, “ಅವಳಿಗೆ ಮಾರ್ಕೆಟಿನಲ್ಲಿ ಎಲ್ಲರ ಒಟ್ಟಿಗೆ ಕೂರಲಿಕ್ಕೆ ಆಗ್ತದಾ ಡಾಕ್ಟ್ರೇ?” ಎಂದರು.

ಆಗುತ್ತದೆ ಎಂದೆ.

“ಹಾಗಾದರೆ ಒಳ್ಳೇದಾಯ್ತು” ಎಂದರು ಸಿಸಿಲಿ ಬಾಯಿ. ಅಷ್ಟರಲ್ಲಿ ಅರ್ಧ ಗಂಟೆಯ ಅಲಾರಂ ಹೊಡೆಯಿತು. ಕೋಲು ಹಿಡಿದು ಎದ್ದು, ತಾವು ಕೂತಿದ್ದ ಕುಶನನ್ನು ಒಮ್ಮೆ ಕೈಯಲ್ಲಿ ಮುಟ್ಟಿ ನೋಡಿ, ಒಳಗೆ ಹೋದರು.